ತಿಮಿಂಗಿಲದ ಪರ ವಕಾಲತ್ತು

ನಾನು ತಿಮಿಂಗಿಲವನ್ನು ಕಂಡವಳಲ್ಲ. ಕುಂದಾಪುರದಲ್ಲಿ ಹುಟ್ಟಿ, ಮದುವೆಯಾಗಿ ಮದ್ರಾಸಿಗೆ ಬಂದೆ. ಎರಡೂ ಕಡೆ ಸಮುದ್ರದ ಗಾಳಿಯಲ್ಲೇ ಬದುಕಿದರೂ ಮೀನಿನ ಬುಟ್ಟಿ ಎದುರಾದರೆ ರಸ್ತೆಯ ಆಚೆ ಬದಿಗೆ ದಾಟುವ ಮನೆತನ ನಮ್ಮದು. ಅಂಥವಳು ಐವತ್ತು ದಾಟಿದ ಮೇಲೆ ಕಪ್ಪು ಕೋಟು ತೊಟ್ಟು ತಿಮಿಂಗಿಲದ ಪರವಾಗಿ ವಾದ ಮಾಡಿ ಗೆದ್ದಳು ಅಂದರೆ ನಗುವವರು ನಗಲಿ. ಗೆದ್ದದ್ದು ಗೆದ್ದದ್ದೇ.

ಮದ್ರಾಸಿನ ಗಿಂಡಿ ಕೈಗಾರಿಕಾ ಎಸ್ಟೇಟಿನ ಪಕ್ಕ ನಮ್ಮದೊಂದು ಸಸ್ಯಾಹಾರಿ ಹೋಟೆಲು. ಗಂಡ ಬೆಳಿಗ್ಗೆ ಕೋಯಂಬೇಡು ಮಾರುಕಟ್ಟೆಯಿಂದ ತರಕಾರಿ ತರುತ್ತಾರೆ, ಮೈದುನ ಗಲ್ಲಾದಲ್ಲಿ ಕೂರುತ್ತಾನೆ, ಅಡುಗೆಮನೆಯ ಉಸ್ತುವಾರಿ ನನ್ನದು. ಹೋಟೆಲಿನ ಮಹಡಿಯಲ್ಲೇ ಮನೆ, ಅಲ್ಲಿ ಅತ್ತೆಯ ರಾಜ್ಯ. ಅತ್ತೆಯವರು ಮಕ್ಕಳ ಹತ್ತಿರ ತುಳು, ಕೆಲಸದವರ ಹತ್ತಿರ ತಮಿಳು, ನಾನು ಕುಂದಾಪುರದವಳೆಂದು ನನ್ನ ಹತ್ತಿರ ಮಾತ್ರ ಕನ್ನಡ ಮಾತಾಡುತ್ತಾರೆ. ಬೈಯುವಾಗ ಮೂರನ್ನೂ ಬೆರೆಸುತ್ತಾರೆ.

ಈ ವಯಸ್ಸಿನಲ್ಲಿ ನಾನು ಕಾನೂನು ಕಾಲೇಜಿಗೆ ಸೇರಿದ್ದಕ್ಕೆ ಕಾರಣ ಒಬ್ಬ ವಕೀಲರು. ಹೋಟೆಲಿನ ಕಟ್ಟಡದ ವಿಷಯಕ್ಕೆ ಒಂದು ಕೇಸು ವರ್ಷಗಟ್ಟಲೆ ಎಳೆದಾಡಿತು. ನಾನು ಪ್ರಶ್ನೆ ಕೇಳಿದರೆ ಆ ಮಹಾನುಭಾವರು ನನ್ನ ಗಂಡನ ಮುಖ ನೋಡಿ ಉತ್ತರ ಹೇಳುತ್ತಿದ್ದರು. ಪ್ರತಿ ಸಲವೂ! ಮೈ ಉರಿದುಹೋಗುತ್ತಿತ್ತು. ಮದುವೆಗೆ ಮುಂಚೆ ಪಡೆದ ಬಿ.ಕಾಂ. ಪದವಿ ಕಪಾಟಿನಲ್ಲಿ ಹಾಗೇ ಇತ್ತು. ತೆಗೆದುಕೊಂಡು ಹೋಗಿ ಮೂರು ವರ್ಷದ ಕೋರ್ಸಿಗೆ ಸೇರಿಬಿಟ್ಟೆ. ಗಂಡ ಎಲ್ಲದಕ್ಕೂ ಹೇಳುವಂತೆ "ನಿನ್ನಿಷ್ಟ" ಎಂದರು.

ಆದರೆ ಕಾಲೇಜಿನಲ್ಲಿ ನನ್ನ ಬಾಯಿ ಬಿದ್ದುಹೋಯಿತು. ಅಡುಗೆಮನೆಯಲ್ಲಿ ನಾನು ಕೂಗಿದರೆ ಬಸ್‌ಸ್ಟಾಪಿಗೆ ಕೇಳುತ್ತದೆ. ಅದೇ ನಾನು ಮೊದಲ ವರ್ಷ ತರಗತಿಯ ಮುಂದೆ ನಿಂತು ನಾಲ್ಕು ಮಾತಾಡಬೇಕಾದಾಗ ಗಂಟಲಿನಿಂದ ಗಾಳಿ ಮಾತ್ರ ಬಂತು. ನನ್ನದು ಸಾಮಾನು ಒದಗಿಸುವ ಕಂಪನಿಯವರ ಹತ್ತಿರ, ತಪಾಸಣೆಗೆ ಬರುವ ಅಧಿಕಾರಿಗಳ ಹತ್ತಿರ ಆಡಿ ಕಲಿತ ಇಂಗ್ಲಿಷು. ಮಗಳ ವಯಸ್ಸಿನ ಹುಡುಗಿಯರು ಪಟಪಟ ಮಾತಾಡಿ ಕೂತ ಮೇಲೆ ನಾನು ಎದ್ದು ನಿಂತು, ಬಾಯಿ ತೆರೆದು, ಹಾಗೇ ಕೂತೆ. ಯಾರೋ ಕಿಸಕ್ಕೆಂದರು. ಆ ಅವಮಾನ ನನ್ನನ್ನು ಬಹಳ ದಿನ ತಿಂದಿತು.

ಎರಡನೆಯ ವರ್ಷ ಮೂಟ್ ಕೋರ್ಟು ಬಂತು. ಅಂದರೆ ವಿದ್ಯಾರ್ಥಿಗಳು ಎರಡು ಪಕ್ಷ ಕಟ್ಟಿಕೊಂಡು ನಿಜವಾದ ವಕೀಲರೊಬ್ಬರನ್ನು ನ್ಯಾಯಾಧೀಶರಾಗಿ ಕೂರಿಸಿ ನಡೆಸುವ ಅಣಕು ವಿಚಾರಣೆ. ಅದೇ ಹೊತ್ತಿಗೆ ಮೈದುನ ಟಿ. ನಗರದಲ್ಲಿ ಹೋಟೆಲಿನ ಶಾಖೆ ತೆರೆಯಲು ಹೊರಟಿದ್ದ. ಅಲ್ಲಿನ ಅಡುಗೆಮನೆಗೆ ದಿನವಿಡೀ ಒಬ್ಬರು ಬೇಕು. ಎಲ್ಲರೂ ಊಟಕ್ಕೆ ಕೂತಾಗ ಅವನು ಮೆಲ್ಲಗೆ ಶುರುಮಾಡಿದ.

"ಅತ್ತಿಗೆ, ಈ ಓದು ಎಲ್ಲ ಸಾಕಲ್ಲಾ? ಕ್ಲಾಸಲ್ಲಿ ಮಾತೇ ಬರುದಿಲ್ಲ ಅಂತ ನೀವೇ ಹೇಳಿದ್ರಿ. ಮಾತು ಬಾರದ ವಕೀಲರು ಎಂತಕ್ಕೆ?"

ಸಿಟ್ಟು ನೆತ್ತಿಗೇರಿತು. "ಈ ಮೂಟ್ ಕೋರ್ಟಲ್ಲಿ ನಂಗೆ ಬಾಯಿ ಬಾರದಿದ್ರೆ ಮರುದಿನವೇ ಕಾಲೇಜು ಬಿಡ್ತೇನೆ. ನಿನ್ನ ಟಿ. ನಗರದ ಅಡುಗೆಮನೆಯಲ್ಲೇ ಸಾಯ್ತೇನೆ, ಆಯ್ತಾ?" ಎಂದುಬಿಟ್ಟೆ. ಅನ್ನ ಕಲಸುತ್ತಿದ್ದ ಅತ್ತೆ ತಲೆಯೆತ್ತಿ ನೋಡಿದರು. ಆಡಿದ ಮಾತು, ಒಡೆದ ಮುತ್ತು. ಹಿಂದೆ ತೆಗೆದುಕೊಳ್ಳುವ ಹಾಗಿರಲಿಲ್ಲ.

ಚೀಟಿ ಎತ್ತಿದಾಗ ನಮಗೆ ಬಂದದ್ದು ತಿಮಿಂಗಿಲ ಬೇಟೆಯ ಮೊಕದ್ದಮೆ. ಕಥೆ ಹೀಗಿತ್ತು. ತಿಮಿಂಗಿಲಗಳು ಅಳಿದುಹೋಗುವ ಹಾಗಾದಾಗ ದೇಶಗಳೆಲ್ಲ ಸೇರಿ ಒಪ್ಪಂದ ಮಾಡಿಕೊಂಡು ವ್ಯಾಪಾರಕ್ಕಾಗಿ ಬೇಟೆಯಾಡುವುದನ್ನು ನಿಲ್ಲಿಸಿವೆ. ಅದಕ್ಕೆ ಎರಡು ವಿನಾಯಿತಿ. ತಲೆತಲಾಂತರದಿಂದ ತಿಮಿಂಗಿಲ ತಿಂದೇ ಬದುಕಿದ ಹಿಮದ ನಾಡಿನ ಜನ ತಮ್ಮ ಹೊಟ್ಟೆಗೆ ಬೇಕಾದಷ್ಟು ಹಿಡಿಯಬಹುದು. ಇನ್ನೊಂದು, ವಿಜ್ಞಾನದ ಸಂಶೋಧನೆಗಾಗಿ ಕೊಲ್ಲಬಹುದು, ಕೊಂದದ್ದರ ಮಾಂಸವನ್ನು ಹಾಳುಮಾಡಬಾರದು. ಒಂದು ಕಲ್ಪಿತ ದೇಶ ಈ ಎರಡನೆಯ ಬಾಗಿಲಿನಿಂದ ನುಗ್ಗಿ, ಸಂಶೋಧನೆಯ ಹೆಸರಿನಲ್ಲಿ ನೂರಾರು ತಿಮಿಂಗಿಲ ಕೊಂದು, ಮಾಂಸವನ್ನು ಮಾರುಕಟ್ಟೆಗೆ ಕಳಿಸುತ್ತಿದೆ. ಅದನ್ನು ತಡೆಯಬೇಕೆಂದು ಅರ್ಜಿ ಹಾಕಿದ ದೇಶದ ವಕೀಲರು ನಾವು.

ನಾವು ಅಂದರೆ ನಾನು ಮತ್ತು ಎಣ್ಣೂರಿನ ಒಬ್ಬ ಹುಡುಗಿ. ಕುಪ್ಪದವಳು, ಅಂದರೆ ಮೀನುಗಾರರ ಕೇರಿಯವಳು, ಅಪ್ಪನಿಗೆ ಯಂತ್ರದ ದೋಣಿಯಲ್ಲಿ ಪಾಲು. ಗಟ್ಟಿ ಹುಡುಗಿ, ತರಗತಿಗೇ ಮೊದಲು. ನನ್ನನ್ನು ಜೋಡಿಯಾಗಿ ಆರಿಸಿಕೊಂಡವಳೂ ಅವಳೇ. ಯಾಕೆ ಅಂತ ಕೇಳಿದರೆ "ನೀವೊಬ್ಬರೇ ಅಕ್ಕಾ ಪೂರ್ತಿ ಓದಿಕೊಂಡು ಬರೋದು" ಎಂದಳು.

ನಾನು ಓದಿದೆ. ಸಿಡಿಮದ್ದಿನ ಭರ್ಜಿ ಹೊಕ್ಕ ಮೇಲೂ ಆ ಪ್ರಾಣಿ ಬೇಗ ಸಾಯದೆ ಒದ್ದಾಡುವುದನ್ನು ಓದಿ ಆ ದಿನ ನನಗೆ ಊಟ ಸೇರಲಿಲ್ಲ. ಅದು ಮರಿಗೆ ಹಾಲೂಡಿಸುತ್ತದಂತೆ. ವರ್ಷಗಳಿಗೊಮ್ಮೆ ಒಂದೇ ಮರಿಯಂತೆ. ಒಂದೇ ಉಸಿರಿಗೆ ವಾದ ಬರೆದೆ: ಕೊಲ್ಲುವುದು ಪಾಪ, ಜೀವಹಿಂಸೆ ಮಾಡುವವರ ವಿಜ್ಞಾನ ನಮಗೆ ಬೇಡ, ಅಹಿಂಸೆಯೇ ದೊಡ್ಡ ಧರ್ಮ. ಬರೆದು ಮುಗಿಸಿ ನನಗೆ ನಾನೇ ಭೇಷ್ ಅಂದುಕೊಂಡೆ.

ಹೋಟೆಲಿನ ಮೂಲೆಯ ಟೇಬಲ್ಲಿನಲ್ಲಿ ಕಾಫಿ ಕುಡಿಯುತ್ತಾ ಎಣ್ಣೂರಿನ ಹುಡುಗಿ ಅದನ್ನು ಓದಿದಳು. ಅವಳ ತಮಿಳನ್ನು ಕನ್ನಡದಲ್ಲಿ ಹೇಳುವುದಾದರೆ ಅವಳು ಕೇಳಿದ್ದು ಇಷ್ಟು.

"ಅಕ್ಕಾ, ಕೊಲ್ಲೋದು ಪಾಪ ಅಂತಾದರೆ ನಮ್ಮಪ್ಪ ಯಾರು?"

ನಾನು ಸೆರಗು ಸರಿಮಾಡಿಕೊಂಡೆ.

"ನೀವು ಉಟ್ಟಿರೋ ಪಟ್ಟೆಸೀರೆಗೆ ಎಷ್ಟು ಹುಳು ಬೆಂದವೋ, ಅದಕ್ಕೆ ಯಾವ ಕೋರ್ಟಲ್ಲಿ ಅರ್ಜಿ ಹಾಕೋಣ?" ಎಂದಳು. ದನಿಯಲ್ಲಿ ಕುಹಕವಿರಲಿಲ್ಲ, ಬೇಸರವಿತ್ತು. ಅದಕ್ಕೇ ಹೆಚ್ಚು ಚುಚ್ಚಿತು. ನನಗೂ ರೇಗಿತು. "ಹಾಗಾದ್ರೆ ಕೊಲ್ಲಲಿ ಅಂತೀಯಾ?" ಎಂದೆ.

"ಇಲ್ಲ ಅಕ್ಕಾ. ಬೇಸಿಗೇಲಿ ಮೀನು ಮರಿ ಮಾಡೋ ಕಾಲಕ್ಕೆ ಸರಕಾರ ಯಂತ್ರದ ದೋಣಿಗಳನ್ನು ದಡದಲ್ಲೇ ನಿಲ್ಲಿಸತ್ತೆ. ಅಪ್ಪ ದಿನಾ ಬೈತಾರೆ, ಆದರೂ ದೋಣಿ ಇಳಿಸಲ್ಲ. ಹುಟ್ಟು ಹಾಕೋ ಸಣ್ಣ ದೋಣಿಯವರು ಮಾತ್ರ ಹೋಗ್ತಾರೆ. ಮೀನು ಹಿಡಿಯೋದು ಪಾಪ ಅಂತ ಅಪ್ಪ ಬಿಡಲ್ಲ, ನಾಳೆಗೂ ಸಮುದ್ರದಲ್ಲಿ ಮೀನು ಬೇಕು ಅಂತ ಬಿಡ್ತಾರೆ. ಆ ಕಾಲದಲ್ಲಿ ಯಾರಾದರೂ 'ನಾನು ಮೀನಿನ ಮೇಲೆ ಸಂಶೋಧನೆ ಮಾಡ್ತೀನಿ' ಅಂತ ದೊಡ್ಡ ದೋಣಿ ಇಳಿಸಿ, ಬಲೆ ತುಂಬ ಹಿಡಿದು ಮಾರಿದರೆ ಕುಪ್ಪದವರು ಸುಮ್ಮನಿರ್ತಾರಾ? ನಮ್ಮ ಕೇಸು ಅದು. ನಿಯಮಕ್ಕೆ ತಲೆಬಾಗಿದವರಿಗೆ ಮಾಡಿದ ಮೋಸ."

ಅವಳು ಹೇಳಿದ್ದು ಸರಿ. ಪಾಪ-ಪುಣ್ಯದ ಮಾತೆತ್ತಿದರೆ ಎದುರು ಪಕ್ಷದವರು "ಇದು ನಿಮ್ಮ ಮನೆಯ ಮಡಿ, ನಮ್ಮ ದೇಶಕ್ಕೆ ಯಾಕೆ?" ಅಂತ ಒಂದೇ ಮಾತಿನಲ್ಲಿ ಕೂರಿಸಿಬಿಡುತ್ತಿದ್ದರು. ಮೀನಿನ ವಾಸನೆಗೆ ಮೂಗು ಮುಚ್ಚುವ ಜಾತಿಯಲ್ಲಿ ಹುಟ್ಟಿದ ನನಗೆ ಮಾತ್ರ ಬರಬಹುದಾದ ತಪ್ಪು ಅದು. ಕಾಗದವನ್ನು ಹರಿದೆ. ಆದರೆ ಮುಖ್ಯ ಪ್ರಶ್ನೆ ಹಾಗೇ ಉಳಿಯಿತು. ಒಪ್ಪಂದವೇ ಸಂಶೋಧನೆಗೆ ಬಿಟ್ಟಿದೆ, ಮಾಂಸ ಹಾಳುಮಾಡಬೇಡಿ ಅಂತಲೂ ಒಪ್ಪಂದವೇ ಹೇಳಿದೆ. ಹಾಗಿರುವಾಗ ಅವರದು ಸಂಶೋಧನೆಯಲ್ಲ, ವ್ಯಾಪಾರ ಅಂತ ತೋರಿಸುವುದು ಹೇಗೆ? ಎದೆ ಬಗೆದು ನೋಡಲಿಕ್ಕಾಗುತ್ತದೆಯೇ?

ಇದು ತಲೆಯಲ್ಲಿ ಕೊರೆಯುತ್ತಿದ್ದ ಒಂದು ದಿನ ದಶಮಿ. ನಮ್ಮ ಹೋಟೆಲಿನಲ್ಲಿ ಏಕಾದಶಿಗೊಂದು ವಿಶೇಷ ತಟ್ಟೆ ಉಂಟು: ಸಾಬಕ್ಕಿ ಕಿಚಡಿ, ಗೋಧಿ ರವೆ ಉಪ್ಪಿಟ್ಟು, ಬಾಳೆಹಣ್ಣಿನ ರಸಾಯನ, ಕೊನೆಗೆ ಖರ್ಜೂರ ಹಾಕಿದ ಹಾಲು. ಅನ್ನ ತಿನ್ನಬಾರದ ದಿನ ಅನ್ನ ಒಂದನ್ನು ಬಿಟ್ಟು ಉಳಿದದ್ದನ್ನೆಲ್ಲ ತಿನ್ನುವ ಏರ್ಪಾಡು. ಮಹಡಿಯ ಮೇಲೆ ಅತ್ತೆ ಅವತ್ತು ನೀರನ್ನೂ ಮುಟ್ಟುವುದಿಲ್ಲ. "ಮಕ್ಕಳಿಗೆ, ಮುದುಕರಿಗೆ, ಬಸುರಿಗೆ, ರೋಗಿಗೆ ಫಲಾಹಾರ ಬಿಟ್ಟದ್ದು. ನಿಮ್ಮ ಹೋಟೆಲಿಗೆ ಬರುವ ಗಟ್ಟಿಮುಟ್ಟು ಗಂಡಸರೆಲ್ಲ ಬಸುರಿಯರಾ?" ಎಂದು ಪ್ರತಿ ಏಕಾದಶಿಗೂ ಕೇಳುತ್ತಾರೆ. ಹಿಮದ ನಾಡಿನವರ ವಿನಾಯಿತಿಯನ್ನು ನಾನು ಒಪ್ಪಿಕೊಂಡದ್ದು ಅತ್ತೆಯ ಈ ಮಾತು ನೆನೆದೇ. ಬೇರೆ ಗತಿಯಿಲ್ಲದವರಿಗೆ ಬಿಟ್ಟದ್ದನ್ನು ಗತಿಯಿದ್ದವನು ಕಿತ್ತುಕೊಳ್ಳಬಾರದು.

ಆ ಸಂಜೆ ನಮ್ಮ ಅಡುಗೆಯವನು ಬಂದು, "ಅಮ್ಮಾ, ನಾಳೆಗೆ ಸಾಬಕ್ಕಿ ಎಷ್ಟು ನೆನೆಹಾಕ್ಲಿ?" ಎಂದು ಕೇಳಿದ. ನಾನು ಯೋಚಿಸದೆ ಹೇಳಿದೆ: "ನಾಳೆ ಭಾನುವಾರ. ಆಫೀಸಿಲ್ಲ. ಅರ್ಧ ಸಾಕು."

ಹೇಳಿದವಳು ಹಾಗೇ ನಿಂತೆ. ದೇವರಿಗೆ ಭಾನುವಾರ ಯಾವುದು, ಸೋಮವಾರ ಯಾವುದು! ಉಪವಾಸ ಮಾಡುವವರ ಸಂಖ್ಯೆ ನೋಡಿ ನಾನು ಎಂದಾದರೂ ಸಾಬಕ್ಕಿ ನೆನೆಹಾಕಿದ್ದುಂಟಾ? ಇಷ್ಟು ವರ್ಷವೂ ಎಸ್ಟೇಟಿನ ಆಫೀಸುಗಳಿಗೆ ರಜೆಯೋ ಅಲ್ಲವೋ ನೋಡಿ ಅಳೆದದ್ದು. ಅಳತೆ ಎಲ್ಲಿಂದ ಬಂತು ಅಂತ ಕೇಳಿದರೆ ಸಾಕು, ಎದೆ ಬಗೆಯಬೇಕಾಗಿಲ್ಲ. ಆ ದೇಶದ ಕಾಗದಪತ್ರದಲ್ಲೂ ಅದೇ ಇತ್ತು. ಸಂಶೋಧನೆಯ ಪ್ರಶ್ನೆ ವರ್ಷದಿಂದ ವರ್ಷಕ್ಕೆ ಬದಲಾಗಿರಲಿಲ್ಲ, ಕೊಲ್ಲುವ ಸಂಖ್ಯೆ ಮಾತ್ರ ಮಾಂಸದ ಗಿರಾಕಿ ಏರಿದಾಗ ಏರಿ, ಇಳಿದಾಗ ಇಳಿದಿತ್ತು. ಎಲ್ಲರೂ ಓದಿದ್ದ ಪುಟ ಅದು, ನಾನೂ ಓದಿದ್ದೆ. ಅಡುಗೆಯವನು "ಎಂತಾಯ್ತು ಅಮ್ಮಾ?" ಎಂದು ಗಾಬರಿಯಾದ. ನಾನು ಆ ಪುಟ ಹುಡುಕಲು ಮಹಡಿಗೆ ಓಡಿದೆ.

ಆದರೂ ವಾದ ಬರೆಯುವಾಗ ಸಾಬಕ್ಕಿಯನ್ನು ತೆಗೆದುಹಾಕಿದೆ. ಕೋರ್ಟಿನಲ್ಲಿ ಯಾರಾದರೂ ಸಾಬಕ್ಕಿ ಮಾತಾಡುತ್ತಾರಾ? ಸಂಖ್ಯೆ ಮತ್ತು ಉದ್ದೇಶದ ನಡುವೆ ಸಮಂಜಸ ಸಂಬಂಧವಿಲ್ಲ ಎಂದು ಪುಸ್ತಕದ ಭಾಷೆಯಲ್ಲಿ ಬರೆದುಕೊಂಡು, ಕನ್ನಡಿ ಮುಂದೆ ಗಿಳಿಪಾಠ ಒಪ್ಪಿಸಿದೆ.

ವಿಚಾರಣೆಯ ದಿನ ಸಭಾಂಗಣ ತುಂಬಿತ್ತು. ನ್ಯಾಯಾಧೀಶರಾಗಿ ಬಂದಿದ್ದವರು ಹೈಕೋರ್ಟಿನ ಹಿರಿಯ ವಕೀಲರೊಬ್ಬರು. ಅಂತರರಾಷ್ಟ್ರೀಯ ನ್ಯಾಯಾಲಯವೆಂಬ ಲೆಕ್ಕಕ್ಕೆ ಅವರನ್ನು "ಎಕ್ಸಲೆನ್ಸಿ" ಅನ್ನಬೇಕು. ಮೊದಲು ನಮ್ಮ ಎಣ್ಣೂರಿನ ಹುಡುಗಿ ಎದ್ದು ಒಪ್ಪಂದದ ಇತಿಹಾಸ, ನಿಯಮದ ಅರ್ಥ ಎಲ್ಲವನ್ನೂ ನೀರು ಕುಡಿದಷ್ಟು ಸಲೀಸಾಗಿ ಮಂಡಿಸಿದಳು. ಆಮೇಲೆ ನನ್ನ ಸರದಿ.

ಎದ್ದೆ. ಕಾಗದದ ಮೇಲಿನ ಇಂಗ್ಲಿಷು ಕಣ್ಣಿಗೆ ಕಾಣುತ್ತಿತ್ತು, ನಾಲಿಗೆಗೆ ಬರುತ್ತಿರಲಿಲ್ಲ. ಹೇಗೋ ತಲೆ ತಗ್ಗಿಸಿ ಓದತೊಡಗಿದೆ. "ಕೇಳಿಸುತ್ತಿಲ್ಲ ಮೇಡಂ" ಎಂದರು ನ್ಯಾಯಾಧೀಶರು. ಇನ್ನೊಂದು ಸಲ ಓದಿದೆ. "ಈಗಲೂ ಕೇಳಿಸುತ್ತಿಲ್ಲ." ಅವರು ಒಳ್ಳೆಯ ಮಾತಿನಲ್ಲೇ ಹೇಳಿದ್ದು, ಆದರೆ ನನಗೆ ನೆಲ ಬಾಯಿಬಿಡಬಾರದೇ ಅನಿಸಿತು. ಹೇಳಬೇಕಾದ್ದರಲ್ಲಿ ಕಾಲು ಭಾಗ ಹೇಳಿ ಕೂತೆ. ಮುಗಿಯಿತು, ಟಿ. ನಗರವೇ ಗತಿ ಅಂದುಕೊಂಡೆ. ಕಣ್ಣಲ್ಲಿ ನೀರು ತುಂಬಿತ್ತು.

ಎದುರು ಪಕ್ಷದ ಹುಡುಗ ಎದ್ದ. ಹೊಸ ಕೋಟು, ಹೊಸ ಧೈರ್ಯ. ನಮ್ಮ ಕಡೆ ಕೈ ತೋರಿಸಿ, "ಎಕ್ಸಲೆನ್ಸಿ, ಅರ್ಜಿದಾರರದ್ದು ಬರೀ ಭಾವುಕತೆ. ಅವರಿಗೆ ಮಾಂಸ ಕಂಡರೆ ಆಗುವುದಿಲ್ಲ, ಅಷ್ಟೇ. ಇದು ನ್ಯಾಯಾಲಯ, ಅವರ ಮನೆಯ ಅಡುಗೆಕೋಣೆಯಲ್ಲ" ಎಂದ. ಸಭೆ ನಕ್ಕಿತು.

ನಕ್ಕದ್ದೇ ನನಗೆ ಒಳ್ಳೆಯದಾಯಿತು. ಕಣ್ಣೀರು ಎಲ್ಲಿ ಹೋಯಿತೋ! ಅಡುಗೆಕೋಣೆಯಂತೆ! ಅಡುಗೆಕೋಣೆಯಲ್ಲಿ ಏನು ನಡೆಯುತ್ತದೆ ಅಂತ ಇವನಿಗೆ ಗೊತ್ತುಂಟಾ? ಕೊನೆಯ ಪ್ರತ್ಯುತ್ತರ ಕೊಡಬೇಕಾದವಳು ಹುಡುಗಿ. ಅವಳ ಕೈ ಹಿಡಿದು ಕೂರಿಸಿ, "ನಾನು ಏಳ್ತೇನೆ" ಎಂದೆ. ಅವಳು ನನ್ನ ಮುಖ ನೋಡಿ ಹೆದರಿದಳೋ ನಂಬಿದಳೋ, "ಏಳಿ ಅಕ್ಕಾ" ಎಂದಳು. ಕಾಗದವನ್ನು ಮೇಜಿನ ಮೇಲೆಯೇ ಬಿಟ್ಟೆ.

"ಎಕ್ಸಲೆನ್ಸಿ, ನಾನು ಅಡುಗೆಕೋಣೆಯಿಂದಲೇ ಬಂದವಳು" ಎಂದೆ. ಮೈಕು ಕಿರುಚಿತು. ಹಿಂದಿನ ಸಾಲಿನವರು ನೆಟ್ಟಗೆ ಕೂತರು. ನನ್ನದು ಅದೇ ಹೋಟೆಲಿನ ಇಂಗ್ಲಿಷು. ಆಗಲಿ, ಅದರಲ್ಲೇ ಹೇಳಿದೆ. ಅಡುಗೆಕೋಣೆಯಲ್ಲಿ ಅಳತೆಗೆ ಒಂದು ಕಾರಣ ಇರುತ್ತದೆ. ಮನೆಯವರ ಹಸಿವಿಗೆ ಮಾಡಿದರೆ ತಲೆ ಎಣಿಸಿ ಅಕ್ಕಿ ಹಾಕುತ್ತೇವೆ, ಮಾರಾಟಕ್ಕಾದರೆ ಗಿರಾಕಿ ನೋಡಿ ಹಾಕುತ್ತೇವೆ. ಏಕಾದಶಿಯ ವಿಷಯ ಹೇಳಿದೆ, ಉಪವಾಸದ ತಟ್ಟೆಯ ವಿಷಯ ಹೇಳಿದೆ, ಭಾನುವಾರದ ಅರ್ಧ ಸಾಬಕ್ಕಿಯ ವಿಷಯವನ್ನೂ ಹೇಳಿದೆ. "ಈ ದೇಶದ ವಿಜ್ಞಾನಿಗಳಿಗೆ ನಾನು ಕೇಳುವುದು ಒಂದೇ. ಪ್ರಶ್ನೆ ಅದೇ ಇದ್ದ ಮೇಲೆ ಸಂಖ್ಯೆ ಯಾಕೆ ಬದಲಾಯಿತು? ಅಳತೆ ಕೊಟ್ಟವರು ಯಾರು, ಪ್ರಯೋಗಾಲಯವೋ ಅಂಗಡಿಯೋ? ಕೊಲ್ಲದೆಯೇ ಉತ್ತರ ಸಿಗುತ್ತದೆಯೋ ಎಂದು ಒಂದು ಸಲವಾದರೂ ನೋಡಿದರಾ?"

ನ್ಯಾಯಾಧೀಶರು ಕನ್ನಡಕ ತೆಗೆದರು. "ಮೇಡಂ, ಗಿಂಡಿಯಲ್ಲಿ ಏಕಾದಶಿ ಸ್ಪೆಷಲ್ ಅಂತ ಬೋರ್ಡು ಹಾಕುವ ಹೋಟೆಲು ನಿಮ್ಮದೇನು? ನಾನು ಅಲ್ಲಿ ತಿಂದಿದ್ದೇನೆ. ಹಾಗಾದರೆ ನೀವೂ ಅದನ್ನೇ ಮಾಡುತ್ತಿದ್ದೀರಲ್ಲ?"

ಜನ ಹೋ ಎಂದು ನಕ್ಕರು. ಎದುರು ಪಕ್ಷದ ಹುಡುಗನಂತೂ ಮೇಜು ತಟ್ಟಿದ. ಮುಂಚಿನ ನಾನಾಗಿದ್ದರೆ ಅಲ್ಲೇ ಕುಸಿಯುತ್ತಿದ್ದೆ.

"ಹೌದು ಎಕ್ಸಲೆನ್ಸಿ, ನಾನೇ ಮಾಡಿಸುವುದು" ಎಂದೆ. "ಅದು ವ್ಯಾಪಾರ, ಅದಕ್ಕೇ ವ್ಯಾಪಾರದ ಗುರುತು ನನಗೆ ಗೊತ್ತು. ನಾವು ಬೋರ್ಡಿನ ಮೇಲೆ ಸ್ಪೆಷಲ್ ಎಂದು ಬರೆದು ಬಿಲ್ಲು ಕೊಡುತ್ತೇವೆ. ವ್ರತ ಎಂದು ಬರೆದು ತೆರಿಗೆ ಬಿಡಿ ಅನ್ನುವುದಿಲ್ಲ. ಸಾಬಕ್ಕಿ ಮುಂದಿನ ವರ್ಷವೂ ಬೆಳೆಯುತ್ತದೆ. ಇವರು ಮಾರುತ್ತಿರುವುದು ವರ್ಷಗಳಿಗೊಮ್ಮೆ ಒಂದು ಮರಿ ಹಾಕುವ ಜೀವವನ್ನು. ಬೋರ್ಡಿನ ಮೇಲೆ ಬರೆದಿರುವುದು ಸಂಶೋಧನೆ."

ನ್ಯಾಯಾಧೀಶರು ನಗಲಿಲ್ಲ. ತಲೆದೂಗಿ ಏನೋ ಗುರುತು ಹಾಕಿಕೊಂಡರು. ಆಮೇಲೆ ಅವರು ಕೇಳಿದ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟೆ. ಹಿಮದ ನಾಡಿನವರಿಗೆ ಮಾತ್ರ ಯಾಕೆ ಬಿಡಬೇಕು ಅಂದರು, ಎಣ್ಣೂರಿನ ಸಣ್ಣ ದೋಣಿಯ ಮಾತು ಹೇಳಿದೆ. ನನ್ನ ಜೋಡಿ ಹುಡುಗಿ ಮೇಜಿನ ಕೆಳಗೆ ನನ್ನ ಸೆರಗು ಹಿಡಿದುಕೊಂಡಿದ್ದಳು.

ತೀರ್ಪು ನಮ್ಮ ಕಡೆಗಾಯಿತು. ಒಳ್ಳೆಯ ವಾದಕ್ಕೆ ಕೊಡುವ ಬಹುಮಾನವೂ ನನಗೇ ಬಂತು. ಹುಡುಗಿ ಅಷ್ಟು ಜನರ ಮುಂದೆ ನನ್ನನ್ನು ಅಪ್ಪಿಕೊಂಡಳು. ಅವಳ ಅಪ್ಪ ದೋಣಿ ಬಿಟ್ಟು, ಬಿಳಿ ಅಂಗಿ ತೊಟ್ಟು ಬಂದಿದ್ದರು. ಕೈ ಮುಗಿದು, "ಚೆನ್ನಾಗಿ ಕೇಳಿದಿರಿ ಅಮ್ಮಾ" ಎಂದರು. ನನಗೆ ಅಳು ಬಂತು, ನಗುತ್ತಲೇ ಅತ್ತುಬಿಟ್ಟೆ.

ಕೋಟು ಬಿಚ್ಚದೆಯೇ ಮನೆಗೆ ಬಂದು ಮಹಡಿ ಹತ್ತಿದೆ. ಅತ್ತೆ ಜಪದ ಮಣಿ ಬದಿಗಿಟ್ಟು, "ಎಂತಾಯ್ತು ಮಾರಾಯ್ತಿ? ತಿಮಿಂಗಿಲ ಬದುಕಿತಾ?" ಎಂದರು.

"ನಮ್ಮ ಕೋರ್ಟಲ್ಲಿ ಬದುಕಿತು."

"ಸಮುದ್ರದಲ್ಲಿರುವುದಕ್ಕೆ ನಿಮ್ಮ ಕೋರ್ಟು ಕಾನೂನು ಎಲ್ಲ ಗೊತ್ತುಂಟಾ?"

"ಅದಕ್ಕೆ ಗೊತ್ತಾಗಬೇಕಾದ್ದಿಲ್ಲ ಅತ್ತೆ. ಕೊಲ್ಲುವವನಿಗೆ ಗೊತ್ತಿದ್ರೆ ಸಾಕು."

ಅತ್ತೆ ಹತ್ತಿರ ಕರೆದು, ನನ್ನ ಕೋಟಿನ ತೋಳನ್ನು ಮುಟ್ಟಿ ನೋಡಿ, "ದಪ್ಪ ಉಂಟು. ಸೆಕೆಯಾಗುದಿಲ್ವಾ?" ಎಂದರು. ಅವರ ಬಾಯಿಂದ ಅದು ದೊಡ್ಡ ಮೆಚ್ಚುಗೆ.

ಕೆಳಗಿಳಿದಾಗ ಸಂಜೆಯ ತಿಂಡಿಯ ಹೊತ್ತು, ಹೋಟೆಲು ಭರ್ತಿ. ತಟ್ಟೆಗಳ ಸದ್ದು, ಆರ್ಡರು ಕೂಗುವವರ ಸದ್ದು. ಮೈದುನ ಗಲ್ಲಾದಿಂದ ಎದ್ದು ನನ್ನನ್ನೂ ಕೋಟನ್ನೂ ನೋಡಿದ. ಸುದ್ದಿ ಅವನಿಗಾಗಲೇ ಮುಟ್ಟಿತ್ತು.

"ಅಂದ್ರೆ ಅತ್ತಿಗೆ, ಟಿ. ನಗರಕ್ಕೆ?"

"ಬೇರೆಯವರನ್ನು ನೋಡು. ನಾನು ವಕೀಲಳಾಗ್ತೇನೆ" ಎಂದೆ.

ಸಾಂಬಾರಿನ ಬಕೆಟು ಹಿಡಿದವನು ನಿಂತ. ಇಡ್ಲಿ ಮುರಿಯುತ್ತಿದ್ದವರು ತಲೆಯೆತ್ತಿದರು. ಬೀದಿಬದಿಯ ಟೇಬಲ್ಲಿನವರೂ ತಿರುಗಿ ನೋಡಿದರು. ಎಲ್ಲರಿಗೂ ಕೇಳಿಸಿದೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಇನ್ನೊಂದು ಸಲ ಹೇಳಿದೆ.